ಜೀರ್ಣಗೃಹ ಮೀಮಾಂಸೆ: ಸ್ವಹಸ್ತ ಕಾಂಡ

ಯಾವುದೇ ಶಾಸ್ತ್ರವನ್ನು ಶುರುಮಾಡುವ ಮೊದಲು ನಾಲ್ಕು ಸಂಗತಿ ಇತ್ಯರ್ಥವಾಗಬೇಕೆಂದು ಪೂರ್ವಿಕರು ವಿಧಿಸಿದ್ದಾರೆ: ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನ ಏನು. ವಿಷಯ ಸ್ಪಷ್ಟವಿದೆ. ಮಲೆನಾಡಿನ ಒಂದು ಹೆಂಚಿನ ಮನೆ, ಮಣ್ಣಿನ ಗೋಡೆ, ಮೇಲೊಂದು ಅಟ್ಟ, ಹಿಂದೊಂದು ಬಚ್ಚಲು. ಮೂರು ತಲೆಮಾರು ಅದರಲ್ಲಿ ಹುಟ್ಟಿ ಬೆಳೆದು, ರಿಪೇರಿಯನ್ನು ನಾಲ್ಕನೆಯ ತಲೆಮಾರಿಗೆ ಕಾಯ್ದಿರಿಸಿದೆ. ಅಧಿಕಾರಿ ಯಾರೆಂದರೆ, ಮೇಸ್ತ್ರಿ ಹೇಳಿದ ಮೊತ್ತ ಕೇಳಿ ‘ಮನೇಲಿ ಕೇಳಿ ಹೇಳ್ತೀನಿ’ ಅಂದು, ಮನೆಗೆ ಬಂದು ಯಾರನ್ನೂ ಕೇಳದೆ ಏಣಿ ಹುಡುಕಲು ಹೋದವನು. ಸಂಬಂಧ: ಪಾಲಿನಲ್ಲಿ ತೋಟ ಅಣ್ಣಂದಿರಿಗೆ ಹೋಯಿತು, ಮನೆ ಇವನಿಗೆ ಬಂತು. ಪ್ರಯೋಜನದ ವಿಚಾರವನ್ನು ಗ್ರಂಥವಿಸ್ತರ ಭಯದಿಂದ ಕೈಬಿಡಲಾಗಿದೆ.

ಹಿಂದಿನ ಸಾಹಿತ್ಯವನ್ನು ಅವಲೋಕಿಸುವುದು ಸಂಶೋಧಕನ ಧರ್ಮ. ಸಂಸ್ಕೃತದ ವಾಸ್ತುಗ್ರಂಥವಾದ ಮಯಮತದಲ್ಲಿ ಜೀರ್ಣೋದ್ಧಾರದ ವಿಚಾರ ಇದೆ. ಅದು ಹೆಚ್ಚಾಗಿ ದೇವಾಲಯಗಳ ಕುರಿತು. ದೇವರಿಗೆ ಬಜೆಟ್ಟಿನ ತಾಪತ್ರಯವಿಲ್ಲ, ಭಕ್ತರಿದ್ದಾರೆ. ಕನ್ನಡದಲ್ಲಿ ಆಧಾರವೆಂದರೆ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ. ಇದು ರಿಪೇರಿಯ ಬಗ್ಗೆ ಯಾಕೆ ಮೌನವಾಗಿದೆ ಎಂಬುದು ಚರ್ಚಾಸ್ಪದ. ರಿಪೇರಿ ಅಷ್ಟು ಕಷ್ಟವಲ್ಲವಾದ್ದರಿಂದ ಬಿಟ್ಟರು ಎಂಬುದು ಪೂರ್ವಪಕ್ಷ. ಸಿದ್ಧಾಂತ ಬೇರೆ. ಕಟ್ಟಿದವನು ಕಟ್ಟಿ ಮುಗಿಸಿದ, ಮದುವೆ ಮಾಡಿದವನು ಸಾಲ ತೀರಿಸಿದ, ಇಬ್ಬರೂ ಬಿಡುವಾಗಿ ಜಗಲಿಯ ಮೇಲೆ ಕೂತು ಗಾದೆ ಮಾಡಿದರು. ಮೂರನೆಯವನು ಇನ್ನೂ ಮಾಡಿನ ಮೇಲಿಂದ ಇಳಿದಿಲ್ಲ.

ಮೊದಲ ಕೆಲಸ ಮನೆಯ ಕಾಲನಿರ್ಣಯ. ಅಟ್ಟ ಹತ್ತಿ ಹೆಂಚಿನ ಒಳಮೈಗೆ ಟಾರ್ಚ್ ಬಿಟ್ಟರೆ ಕೆಲವು ಮನೆಗಳಲ್ಲಿ ಅಕ್ಷರ ಕಾಣುತ್ತದೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಆ ಕ್ಷಣದಿಂದ ಮನೆಯ ಯಜಮಾನ ಬದಲಾಗುತ್ತಾನೆ. ಬಂದವರಿಗೆಲ್ಲ ‘ನಮ್ಮದು 1865ರ ಮನೆ’ ಅನ್ನುತ್ತಾನೆ. ಶಾಸನತಜ್ಞರ ದೃಷ್ಟಿಯಲ್ಲಿ ಇದು ಅವಸರದ ತೀರ್ಮಾನ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಇಸವಿ ಅದು. ಹೆಂಚು ಸುಟ್ಟ ಇಸವಿ ಅಲ್ಲ, ಮನೆ ಕಟ್ಟಿದ ಇಸವಿ ಮೊದಲೇ ಅಲ್ಲ. ಹಲ್ಲುಪುಡಿಯ ಡಬ್ಬಿಯ ಮೇಲೆ ಕಂಪನಿ ಹುಟ್ಟಿದ ವರ್ಷ ಇದೆಯೆಂದು ಹಲ್ಲಿನ ವಯಸ್ಸು ಲೆಕ್ಕ ಹಾಕುವುದಿಲ್ಲವಷ್ಟೆ. ಆದರೂ ಈ ತಪ್ಪನ್ನು ತಿದ್ದಬಾರದೆಂದು ನನ್ನ ಅಭಿಪ್ರಾಯ. ಸೋರುವ ಮನೆಯನ್ನು ಮಾರದೆ ಇಟ್ಟುಕೊಳ್ಳಲು ಒಂದು ನೆಪ ಬೇಕು, 1865 ಒಳ್ಳೆಯ ನೆಪ.

ಹೆಂಚಿನ ಶಾಸನಕ್ಕೆ ಇನ್ನೊಂದು ಉಪಯೋಗವಿದೆ, ಅದು ಯಾರಿಗೂ ಇಷ್ಟವಾಗುವುದಿಲ್ಲ. ಮಂಗಳೂರು ಹೆಂಚೆಂದರೆ ಒಂದರ ಅಂಚಿನ ಏಣು ಇನ್ನೊಂದರ ಕಾಲುವೆಯಲ್ಲಿ ಕೂರಬೇಕು, ಆಗಲೇ ನೀರು ಒಳಗೆ ಬರುವುದಿಲ್ಲ. ಒಂದು ಕಾರ್ಖಾನೆಯ ಏಣು ಇನ್ನೊಂದು ಕಾರ್ಖಾನೆಯ ಕಾಲುವೆಗೆ ಸರಿಯಾಗಿ ಹೊಂದದು. ಒಂದೆರಡು ದಾರದಷ್ಟು ಆಚೆ ಈಚೆ. ಹಾಗಾಗಿ ಒಡೆದ ನಾಲ್ಕು ಹೆಂಚಿಗೆ ಬದಲಿ ತರುವುದೆಂದರೆ ವಧೂವರಾನ್ವೇಷಣೆಯೇ: ಗೋತ್ರ ಕೇಳಬೇಕು, ಮೂಲಸ್ಥಾನ ಕೇಳಬೇಕು. ಊರಿನಲ್ಲಿ ಯಾರ ಮನೆ ಕೆಡವುತ್ತಿದ್ದಾರೆ ಎಂಬ ಸುದ್ದಿಗೆ ಕಿವಿ ತೆರೆದಿರಬೇಕು. ಕೆಡವಿದ ಮನೆಯ ಅಂಗಳಕ್ಕೆ ಮುಖ ಸಪ್ಪೆ ಮಾಡಿಕೊಂಡು ಹೋಗಿ, ‘ಎಂಥ ಮನೆ ಆಗಿತ್ತು, ಛೆ’ ಎಂದು ಮರುಗಿ, ಮಾತಿನ ಮಧ್ಯೆ ಒಂದು ಹೆಂಚನ್ನು ಮಗುಚಿ ಹಿಂಬದಿ ಓದಬೇಕು.

ಸೂತ್ರ: ಸೋರುವಲ್ಲಿ ತೂತಿಲ್ಲ, ತೂತಿರುವಲ್ಲಿ ಸೋರದು.

ಭಾಷ್ಯ: ಹೊಗೆ ಇರುವಲ್ಲಿ ಬೆಂಕಿ ಇದೆ ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ಬೆಟ್ಟದ ಹೊಗೆಗೆ ಅದು ಸರಿ, ಮಾಡಿನ ನೀರಿಗೆ ಸಲ್ಲದು. ನೆತ್ತಿಯ ಹತ್ತಿರದ ಬಿರುಕಿನಲ್ಲಿ ಒಳಗೆ ಬಂದ ನೀರು ಹೆಂಚಿನ ಅಡಿಮೈ ಹಿಡಿದು ರೀಪಿಗೆ ಇಳಿಯುತ್ತದೆ, ರೀಪಿನ ಉದ್ದಕ್ಕೆ ನಡೆದು ಪಕಾಸು ಸೇರುತ್ತದೆ, ಪಕಾಸಿನ ಇಳಿಜಾರಿನಲ್ಲಿ ಸಾವಕಾಶ ಜಾರಿ, ಎಲ್ಲೋ ಒಂದು ಮೊಳೆಯೋ ಗಂಟೋ ಅಡ್ಡ ಬಂದಲ್ಲಿ ‘ಇಲ್ಲೇ ಸಾಕು’ ಎಂದು ತೊಟ್ಟಿಕ್ಕುತ್ತದೆ. ಕೆಳಗೆ ದೇವರಮನೆ ಇದೆಯೋ, ಅಕ್ಕಿಯ ಕಣಜ ಇದೆಯೋ, ಅದು ನೀರಿನ ವಿಚಾರವಲ್ಲ. ಕಂಬಳಿ ಒದ್ದೆಯಾದ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸಿದವರು ಒಳ್ಳೆಯ ಹೆಂಚನ್ನು ತೆಗೆದು ಇನ್ನೊಂದು ಒಳ್ಳೆಯ ಹೆಂಚನ್ನು ಇಟ್ಟಿರುತ್ತಾರೆ. ಇದಕ್ಕೆ ಕೂಲಿ ಇಲ್ಲದಿರುವುದೇ ಸ್ವಹಸ್ತ ಪದ್ಧತಿಯ ಹೆಚ್ಚುಗಾರಿಕೆ.

ಶಾಸ್ತ್ರೋಕ್ತ ವಿಧಾನ ಹೀಗೆ. ಮೃಗಶಿರಾ ಮಳೆ ಹಿಡಿಯುವ ಮೊದಲು, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ಅಟ್ಟದ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ ಕೂರಬೇಕು. ತೂತಿರುವಲ್ಲೆಲ್ಲ ಬೆಳಕಿನ ಚುಕ್ಕಿ ಮೂಡುತ್ತದೆ. ಪ್ರತಿ ಚುಕ್ಕಿಗೂ ಒಂದು ಹಿಡಿಕಡ್ಡಿ ತೂರಿಸಿದರೆ ಮೇಲೆ ಹತ್ತಿದವರಿಗೆ ಗುರುತು ಸಿಗುತ್ತದೆ. ಈ ಪ್ರಯೋಗಕ್ಕೆ ಇಬ್ಬರು ಬೇಕು, ಸಾಮಾನ್ಯವಾಗಿ ಗಂಡ ಮೇಲೆ, ಹೆಂಡತಿ ಅಟ್ಟದಲ್ಲಿ. ಅಂಥ ಒಂದು ಪ್ರಯೋಗದ ಸಂವಾದವನ್ನು ಪಾಠಾಂತರವಿಲ್ಲದೆ ಇಲ್ಲಿ ಉದ್ಧರಿಸಲಾಗಿದೆ.

‘ಇದಾ?’
‘ಅದಲ್ಲ ಮಾರಾಯ್ರೆ, ಅದರ ಈಚೆದು.’
‘ನಿನ್ನ ಈಚೆಯೋ, ನನ್ನ ಈಚೆಯೋ?’
‘ಅಡುಗೆಮನೆ ಕಡೆ.’
‘ಮಾಡಿನ ಮೇಲಿಂದ ಅಡುಗೆಮನೆ ಕಾಣ್ತದಾ?’
‘ಕಡ್ಡಿ ಅಲ್ಲಾಡಿಸ್ತಿದೀನಿ, ನೋಡಿ.’
‘ಯಾವ ಕಡ್ಡೀನೂ ಅಲ್ಲಾಡ್ತಿಲ್ಲ. ಸ್ವಲ್ಪ ಇರು, ಆಚೆ ಬರ್ತೀನಿ.’
(ಶಬ್ದ)
‘ಎಂತ ಅದು?’
‘ಎಂತ ಇಲ್ಲ. ಇನ್ನೊಂದು ಕಡ್ಡಿ ತಗೋ.’

ದಿಕ್ಕು ಎಂಬುದು ನೋಡುವವನನ್ನು ಅವಲಂಬಿಸಿದೆ ಎಂಬ ತತ್ತ್ವ ಇದರಿಂದ ಸಿದ್ಧವಾಗುತ್ತದೆ. ಕೊನೆಯ ಶಬ್ದದ ಬಗ್ಗೆ ಮಾತ್ರ ಟಿಪ್ಪಣಿ ಅಗತ್ಯ. ಹೆಂಚಿನ ನಡುಬೆನ್ನಿನ ಮೇಲೆ ಕಾಲಿಡಬಾರದು. ಒಂದರ ಮೇಲೊಂದು ಹೆಂಚು ಏರಿ ಕೂತಿರುವ, ಅಡಿಯಲ್ಲಿ ರೀಪು ಇರುವ ಜಾಗದಲ್ಲಿಡಬೇಕು, ಅದೂ ಪಕಾಸಿನ ಸಾಲು ಹಿಡಿದು. ಪಾಚಿ ಕಟ್ಟಿದ ಕಡೆ ಇಡಲೇಬಾರದು. ಊರಿನಲ್ಲಿ ಹೆಂಚು ಕೈಯಾಡಿಸುವ ಕೆಲಸದವರು ಇಡೀ ಮಾಡನ್ನು ಒಂದೂ ಒಡೆಯದೆ ಓಡಾಡುವುದು ಈ ಗುಟ್ಟಿನಿಂದ. ಮಂಗಗಳಿಗೂ ಈ ಗುಟ್ಟು ಗೊತ್ತಿದೆಯೆಂದು ನನಗೆ ಅನುಮಾನ. ಪಕ್ಕದ ಹಲಸಿನ ಮರದಿಂದ ಹಾರುವಾಗ ಅವು ಅಷ್ಟು ಕರಾರುವಾಕ್ಕಾಗಿ ನಡುಬೆನ್ನಿಗೇ ಬೀಳುವುದು ಆಕಸ್ಮಿಕವಿರಲಾರದು.

ಪತ್ತೆಯಾದ ತೂತನ್ನು ಮುಚ್ಚುವ ವಿಷಯದಲ್ಲಿ ಪಂಥಭೇದವಿದೆ. ಅಡಿಕೆ ಹಾಳೆಯನ್ನು ಹೆಂಚಿನ ಅಡಿಗೆ ತುರುಕುವವರು ಪ್ರಾಚೀನರು. ಅವರ ಸಿದ್ಧಾಂತಕ್ಕೆ ಖರ್ಚಿಲ್ಲ, ಆಯುಸ್ಸು ಒಂದು ಮಳೆಗಾಲ. ಗೊಬ್ಬರದ ಚೀಲದವರು ನವ್ಯರು. ಡಾಂಬರಿನವರದ್ದು ಕಪ್ಪು ಮಾರ್ಗ. ಬೇಸಿಗೆಯಲ್ಲಿ ಅದು ಕರಗಿ ಊಟದ ಎಲೆಯವರೆಗೂ ಬರುವುದುಂಟು. ಹೆಂಚನ್ನೆಲ್ಲ ಇಳಿಸಿ ತಗಡಿನ ಶೀಟು ಹೊದಿಸಿ ಎನ್ನುವ ಉಗ್ರಗಾಮಿಗಳೂ ಇದ್ದಾರೆ. ಶೀಟಿನ ಮೇಲೆ ಆರಿದ್ರಾ ಮಳೆ ಹೊಡೆಯುವಾಗ ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಕೆಲವು ಮನೆಗಳಲ್ಲಿ ಇದನ್ನು ಗುಣವೆಂದೇ ಎಣಿಸಲಾಗಿದೆ.

ಇಲ್ಲಿ ವರಾಹಮಿಹಿರನನ್ನು ನೆನೆಯದಿದ್ದರೆ ಲೋಪವಾದೀತು. 6ನೆಯ ಶತಮಾನದ ಈ ವಿದ್ವಾಂಸ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಅಂಟನ್ನು ವಿವರಿಸಿದ್ದಾನೆ. ಎಳೆ ಬೇಲದಕಾಯಿ, ಬೂರುಗದ ಹೂವು ಮುಂತಾದವನ್ನು ನೀರಿಗೆ ಹಾಕಿ, ಎಂಟನೆಯ ಒಂದು ಪಾಲಿಗೆ ಇಳಿಯುವವರೆಗೆ ಕುದಿಸಿ, ಗುಗ್ಗುಳ, ಕರಿಗೇರು, ಅಗಸೆ, ಬಿಲ್ವ ಇತ್ಯಾದಿ ಸೇರಿಸಿ ಬಿಸಿಬಿಸಿಯಾಗಿ ಬಳಿಯಬೇಕು. ಬಾಳಿಕೆ ಒಂದು ಕೋಟಿ ವರ್ಷ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ-ಸೀಲ್ ಎರಡು ಉಂಡೆಯನ್ನು ನಾದಿ ಮೆತ್ತಿದರೆ ಮುಗಿಯಿತು, ಆದರೆ ಇಷ್ಟು ದೀರ್ಘದ ಭರವಸೆ ಕೊಡುವ ಧೈರ್ಯ ಯಾವ ಆಧುನಿಕ ಕಂಪನಿಗೂ ಬಂದಿಲ್ಲ. ಗಿರಾಕಿ ದೂರು ಕೊಡಲು ಕೋಟಿ ವರ್ಷ ಕಾಯಬೇಕಾದ ಈ ಏರ್ಪಾಡನ್ನು ಅವರು ಅಭ್ಯಾಸ ಮಾಡುವುದು ಒಳಿತು.

ಗೋಡೆಯ ವಿಚಾರಕ್ಕೆ ಬಂದರೆ ವಾದ ದರ್ಶನಗಳ ಮಟ್ಟಕ್ಕೇರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದವರು ದ್ವೈತಿಗಳು: ಗೋಡೆ ಬೇರೆ, ಗಿಲಾವು ಬೇರೆ, ಈ ಭೇದ ಸತ್ಯ. ನೆಲದ ತೇವ ಮಣ್ಣಿನ ಗೋಡೆಯನ್ನು ಹತ್ತುವುದು ಅದರ ಸ್ವಭಾವ, ಮೈಯಿಂದ ಆರಿಹೋಗುವುದೂ ಸ್ವಭಾವ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಹಿಂದೆಯೇ ನಿಂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಒಂದು ರಾತ್ರಿ, ಎಲ್ಲರೂ ಮಲಗಿರುವಾಗ, ಗಿಲಾವು ಹಲಗೆ ಹಲಗೆಯಾಗಿ ಕಳಚಿ ಬಿದ್ದು, ತನ್ನ ಜೊತೆ ಒಂದಿಷ್ಟು ಗೋಡೆಯನ್ನೂ ಒಯ್ಯುತ್ತದೆ. ಸುಣ್ಣದವರು ಅದ್ವೈತಿಗಳು. ಸುಣ್ಣದ ಕಲ್ಲನ್ನು ಸುಟ್ಟಾಗ ಬಿಟ್ಟುಹೋದ ಇಂಗಾಲದ ಡೈಆಕ್ಸೈಡನ್ನು ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಮತ್ತೆ ಎಳೆದುಕೊಂಡು ಪುನಃ ಕಲ್ಲೇ ಆಗುತ್ತದೆ, ಮತ್ತು ತೇವವನ್ನು ತಡೆಯದೆ ಉಸಿರಾಡಲು ಬಿಡುತ್ತದೆ. ಇದಕ್ಕಿಂತ ಅಗ್ಗದ ಮೋಕ್ಷ ಇಲ್ಲ. ಸಾಧಕರಿಗೆ ಒಂದು ಎಚ್ಚರಿಕೆ: ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಈ ಪ್ರಯೋಗ ಮಾಡಿದವರಿಗೆ ಬಕೆಟ್ಟೂ ನಶ್ವರವೆಂಬ ಜ್ಞಾನವಾಗುತ್ತದೆ. ಬಗ್ಗಿ ನೋಡಿದವರ ಕಣ್ಣಿಗೆ ಆಗುವುದು ತಮಾಷೆಯಲ್ಲ.

ಸೂತ್ರ: ಹಳೆಯ ಮನೆ ದೋಷಗಳ ಬಲದಿಂದ ನಿಂತಿದೆ.

ಭಾಷ್ಯ: ಅನ್ಯೋನ್ಯಾಶ್ರಯ ಎಂಬುದು ತರ್ಕದಲ್ಲಿ ದೋಷ, ಹಳೆಯ ಮನೆಯಲ್ಲಿ ಎಂಜಿನಿಯರಿಂಗ್. ಪಡಸಾಲೆಯ ಕಂಬವನ್ನು ನೋಡಿ. ಬುಡವನ್ನು ಗೆದ್ದಲು ತಿಂದು ಮುಗಿಸಿದೆ. ಕಂಬಕ್ಕೂ ಅಡಿಗಲ್ಲಿಗೂ ಮಧ್ಯೆ ಒಂದು ಕಾಗದ ಸಲೀಸಾಗಿ ತೂರುತ್ತದೆ. ಅಂದರೆ ತೊಲೆಯನ್ನು ಕಂಬ ಹೊತ್ತಿಲ್ಲ, ಕಂಬವೇ ತೊಲೆಗೆ ನೇತುಬಿದ್ದಿದೆ. ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ ಎಂದು ಮಗುಚಿ ನೋಡಿದ ಪಂಡಿತನ ಕಥೆ ಎಲ್ಲರಿಗೂ ಗೊತ್ತು. ಜಿಜ್ಞಾಸೆ ಎಷ್ಟೇ ತೀವ್ರವಾಗಿದ್ದರೂ ಕಂಬವನ್ನು ತೆಗೆದು ನೋಡಬಾರದು. ತೊಲೆಗೆ ಬೇರೆ ಊರೆ ಕೊಟ್ಟ ಮೇಲೆಯೇ ಅದನ್ನು ಮುಟ್ಟಬೇಕು, ಮತ್ತು ಆ ಕೆಲಸಕ್ಕೆ ಬಡಗಿಯನ್ನು ಕರೆಯಬೇಕು. ಸ್ವಹಸ್ತ ಕಾಂಡದ ಗಡಿ ಇಲ್ಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ.

ಬಾಗಿಲಿನದೂ ಇದೇ ನ್ಯಾಯ. ಆಷಾಢದಲ್ಲಿ ಬಾಗಿಲು ಹಾಕಲಾಗದೆ ಸಿಕ್ಕಿಕೊಳ್ಳುತ್ತದೆ. ಉತ್ಸಾಹಿ ಯಜಮಾನ ಕೀಸುಳಿ ಹಿಡಿದು ಅಂಚನ್ನು ಹೆರೆಯುತ್ತಾನೆ, ಬಾಗಿಲು ಬೆಣ್ಣೆಯಂತೆ ಸರಿಯುತ್ತದೆ, ಮನೆಮಂದಿ ಮೆಚ್ಚುತ್ತಾರೆ. ಮಾಘಮಾಸದಲ್ಲಿ ಮರ ಒಣಗಿ ಕುಗ್ಗಿದ ಮೇಲೆ, ಹಾಕಿದ ಬಾಗಿಲಿನ ಸಂದಿಯಲ್ಲಿ ಬೆಕ್ಕು ಬಂದುಹೋಗುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರಕ್ಕೆ ಕೈ ಹಚ್ಚಬಾರದು, ಭುಜ ಕೊಟ್ಟು ನೂಕಬೇಕು ಅಷ್ಟೆ. ಕಾವಿಯ ನೆಲದ ಬಗ್ಗೆ ಹೇಳುವುದು ಕಡಿಮೆ: ತೇಪೆಯ ಕೆಂಪು ಹಳೆಯ ಕೆಂಪಿಗೆ ಕೂಡುವುದಿಲ್ಲ, ಅಲ್ಲೊಂದು ಚಾಪೆ ಹಾಸಿ.

ಇನ್ನು ಲೆಕ್ಕ. ಕೂಲಿ ಉಳಿಯುತ್ತದೆ, ಆದ್ದರಿಂದ ಲಾಭ, ಎಂಬುದು ಪೂರ್ವಪಕ್ಷ. ಇದನ್ನು ಸಿಮೆಂಟಿನ ನಿದರ್ಶನದಿಂದ ಖಂಡಿಸಲಾಗುತ್ತದೆ. ಬಚ್ಚಲಿನ ಬಿರುಕಿಗೆ ಬೇಕಾದ್ದು ಒಂದು ಬಾಂಡ್ಲಿ ಗಾರೆ. ಅಂಗಡಿಯವರು ಕೊಡುವುದು 50 ಕೆ.ಜಿ.ಯ ಚೀಲ. ಸಾಮಾನ್ಯ ಸಿಮೆಂಟು ನೀರು ತಾಗಿ 30 ನಿಮಿಷವಾಗುವ ಮೊದಲು ಬಿಗಿಯಲು ಶುರುವಾಗಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಆ ಅರ್ಧ ಗಂಟೆಯಲ್ಲಿ ಕರಣೆ ಎಲ್ಲಿಟ್ಟೆ ಎಂದು ಹುಡುಕುವುದು, ಅದು ಪಕ್ಕದ ಮನೆಯಲ್ಲಿದೆ ಎಂದು ನೆನಪಾಗುವುದು, ಅಲ್ಲಿ ಕಾಫಿ ಕುಡಿಯದೆ ಬರಲಾಗದಿರುವುದು, ಇವೆಲ್ಲ ಸೇರಿವೆ. ಕಲಸಿದ ಗಾರೆ ಬಾಂಡ್ಲಿಯ ಆಕಾರದಲ್ಲಿ ಸಿದ್ಧಿ ಪಡೆಯುತ್ತದೆ. ಬಿಚ್ಚಿದ ಚೀಲದಲ್ಲಿ ಉಳಿದದ್ದು ಮಲೆನಾಡಿನ ತೇವಕ್ಕೆ ದೀಪಾವಳಿಯ ಹೊತ್ತಿಗೆ ಚೀಲದ ಆಕಾರದಲ್ಲಿ ಸಿದ್ಧಿ ಪಡೆಯುತ್ತದೆ. ಹೊಲಿಗೆಯ ಗೆರೆ ಕೂಡ ಕಲ್ಲಿನಲ್ಲಿ ಮೂಡಿರುತ್ತದೆ. ಅದರ ಮೇಲೆ ಬಟ್ಟೆ ಒಗೆಯಬಹುದು. ಉಳಿದ ಕೂಲಿಯಿಂದ ಏಣಿ ಕೊಂಡವರು ಇನ್ನೊಂದು ಬಗೆಯ ನಷ್ಟಕ್ಕೆ ಗುರಿಯಾಗುತ್ತಾರೆ: ಏಣಿ ಇರುವ ಮನೆ ಎಂದು ಊರಿಗೆ ಗೊತ್ತಾದ ಮೇಲೆ ಆ ಏಣಿ ತನ್ನ ಮನೆಯಲ್ಲಿ ಇರುವುದಿಲ್ಲ.

ಕೊನೆಯದಾಗಿ ವಿದ್ಯುತ್ತು. ಮರದ ಪಟ್ಟಿಯ ಮೇಲೆ ಓಡಿದ ಹಳೆಯ ವೈರು, ಇಲಿ ಕಡಿದ ಹೊದಿಕೆ, ಸೋರಿದ ನೀರು, ಅರ್ಥಿಂಗ್ ಇಲ್ಲದ ಪ್ಲಗ್ಗು: ಇವು ಕೂಡಿದ ಸ್ಥಳದಲ್ಲಿ ಈ ಗ್ರಂಥಕ್ಕೆ ಯಾವ ಅಧಿಕಾರವೂ ಇಲ್ಲ. ಅಲ್ಲಿ ಸ್ವಹಸ್ತ ಎಂಬುದು ಸ್ವಹತ್ಯೆಯ ಹತ್ತಿರದ ನೆಂಟ. ಮೇನ್ ಸ್ವಿಚ್ ತೆಗೆದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಕೇಳಿದಷ್ಟು ಕೊಡತಕ್ಕದ್ದು. ಆತ ಬಂದವನೇ ತಲೆಯೆತ್ತಿ ಗಿಲಾವು, ಹಾಳೆ, ಎಂ-ಸೀಲು, ಡಾಂಬರಿನ ಕಲೆಗಳನ್ನೆಲ್ಲ ಒಂದು ಸುತ್ತು ನೋಡಿ, ‘ಇದೆಲ್ಲ ಯಾರು ಸಾರ್ ಮಾಡಿದ್ದು?’ ಎಂದು ಕೇಳುವುದು ಸಂಪ್ರದಾಯ. ‘ಮೊದಲಿನವರು’ ಎಂದು ಉತ್ತರಿಸಬೇಕು. ಹೆಂಡತಿ ಕೋಣೆಯಲ್ಲಿದ್ದರೆ ಅದಕ್ಕೂ ಮುಂಚೆ ಅವಳನ್ನು ಕಾಫಿ ತರಲು ಕಳಿಸಿರಬೇಕು.