ಸ್ಟ್ರಾಸ್‌ಬರ್ಗಿನ ಕುಕ್ಕುಟವರ್ಯರೊಡನೆ ಒಂದು ಸಂದರ್ಶನ

ರೈನ್ ನದಿಯ ಆಚೆ ಜರ್ಮನಿ, ಈಚೆ ಫ್ರಾನ್ಸ್ ಎಂಬಂತಿರುವ ಸ್ಟ್ರಾಸ್‌ಬರ್ಗ್ ನಗರದ ಕ್ಯಾಥೆಡ್ರಲಿನಲ್ಲಿ, ಶ್ವಿಲ್ಗೆ ಎಂಬ ಯಂತ್ರವಿಶಾರದನು 1842ರಲ್ಲಿ ನಡೆಯಹಚ್ಚಿದ ಖಗೋಳ ಗಡಿಯಾರದ ಮೇಲೆ, ಕ್ರಿಸ್ತಶಿಷ್ಯರ ಬೊಂಬೆಗಳು ಸಾಗುವ ಮಧ್ಯಾಹ್ನ 12.30ರ ಹೊತ್ತಿಗೆ ರೆಕ್ಕೆ ಬಡಿದು ಮೂರು ಬಾರಿ ಕೂಗುವ ಹುಂಜವೊಂದುಂಟು. ಅನ್ಯಭಾಷಿಕರಿಬ್ಬರು ಜೊತೆಗೂಡಿ, ಅರ್ಧಗಂಟೆ ನಿನ್ನ ನುಡಿ, ಅರ್ಧಗಂಟೆ ನನ್ನ ನುಡಿ ಎಂದು ಮಾತು ಕಲಿಯುವ ವಿನಿಮಯಪದ್ಧತಿಯನ್ನು ಕುರಿತು ಅದು ನಮಗೆ ಸಂದರ್ಶನವಿತ್ತಿತು.

ಪ್ರಶ್ನೆ: ಈ ಪದ್ಧತಿ ಇತ್ತೀಚಿನದೋ, ಕುಕ್ಕುಟವರ್ಯರೇ?

ಉತ್ತರ: ಅಲ್ಲವಯ್ಯಾ. 842ರಲ್ಲಿ ಇದೇ ಊರಿನಲ್ಲಿ, ಶಾರ್ಲಮೇನ್ ಚಕ್ರವರ್ತಿಯ ಮೊಮ್ಮಕ್ಕಳಿಬ್ಬರು ತಮ್ಮ ಹಿರಿಯಣ್ಣನ ವಿರುದ್ಧ ಒಂದಾದಾಗ, ಜರ್ಮನರ ಲೂಡ್ವಿಗನು ಫ್ರೆಂಚಿನ ಪೂರ್ವರೂಪದಲ್ಲಿಯೂ ಪಶ್ಚಿಮದ ಶಾರ್ಲನು ಜರ್ಮನ್ನಿನ ಪೂರ್ವರೂಪದಲ್ಲಿಯೂ, ಎಂದರೆ ಪರಸ್ಪರರ ಸೈನ್ಯಗಳಿಗೆ ತಿಳಿಯುವ ನುಡಿಗಳಲ್ಲಿ, ಪ್ರಮಾಣ ಸ್ವೀಕರಿಸಿದರು. ನಡುವೆ ಎದ್ದುನಿಂತು ಉಚ್ಚಾರ ತಿದ್ದಿದ ಸೈನಿಕನೊಬ್ಬನೂ ಇದ್ದಿರಲಾರನು. ಇಂದಿನ ಜೊತೆಗಾರರಿಗೆ ಆ ಸಂಯಮವೆಲ್ಲಿಯದು?

ಪ್ರಶ್ನೆ: ಇಂದಿನವರ ರೀತಿ ಎಂತಹುದು?

ಉತ್ತರ: ಕೇಲ್ ಪಟ್ಟಣದಿಂದ ಟ್ರಾಮಿನಲ್ಲಿ ಸೇತುವೆ ದಾಟಿ ಬಂದ ಜರ್ಮನ್ ತರುಣನು, ಫ್ರೆಂಚ್ ತರುಣಿಯೆದುರು ಕುಳಿತು ಹವೆಯ ವಿಚಾರವೆತ್ತುತ್ತಾನೆ; ತನ್ನ ನುಡಿಯಲ್ಲಿ ಸ್ತ್ರೀಲಿಂಗವಾದ ಸೂರ್ಯನು ಅವಳ ನುಡಿಯಲ್ಲಿ ಪುಲ್ಲಿಂಗವೆಂಬುದು ತಡವಾಗಿ ನೆನಪಾಗಿ, ಬೆವರಿ, ಇಬ್ಬರದೂ ಅಲ್ಲದ ಇಂಗ್ಲಿಷಿಗೆ ಶರಣಾಗುತ್ತಾನೆ.

ಪ್ರಶ್ನೆ: ಇಂಗ್ಲಿಷಿಲ್ಲದೆ ಲೋಕವ್ಯವಹಾರ ಸಾಗದೆನ್ನುವರಲ್ಲ?

ಉತ್ತರ: ತನ್ನ ಕೋಳಿ ಕೂಗದೆ ಬೆಳಗಾಗದೆಂದು ನಂಬಿದ ಅಜ್ಜಿಯೊಬ್ಬಳು ತಮ್ಮ ನಾಡಿನಲ್ಲಿದ್ದಳಷ್ಟೆ! ಕೋಳಿಯ ಕುಲದವನಾಗಿ ಹೇಳುತ್ತೇನೆ, ನಮ್ಮ ಕೂಗಿನಿಂದ ಬೆಳಗಾಗುವುದಿಲ್ಲ. ನಾನಂತೂ ಕೂಗುವುದು ನಡುಹಗಲಿನಲ್ಲಿ.

ಪ್ರಶ್ನೆ: ಮೂರೇ ಬಾರಿ ಏಕೆ?

ಉತ್ತರ: ಕ್ರಿಸ್ತಶಿಷ್ಯರಲ್ಲೊಬ್ಬನಾದ ಪೇತ್ರನು ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ಬೊಂಕಿದುದರ ಸ್ಮರಣಾರ್ಥ. ವರ್ಷಗಟ್ಟಲೆ ಶಾಲೆಯಲ್ಲಿ ಜರ್ಮನ್ ಓದಿದವರು ಜರ್ಮನನೊಬ್ಬನು ಎದುರಾದೊಡನೆ ‘ನನಗೆ ಬಾರದು, ಬಾರದು, ಬಾರದು’ ಎಂದು ತಲೆಯಲ್ಲಾಡಿಸುವಾಗ, ನನ್ನ ಉದ್ಯೋಗಕ್ಕೆ ಚ್ಯುತಿಯಿಲ್ಲವೆಂದು ಸಮಾಧಾನಪಡುತ್ತೇನೆ.

ಪ್ರಶ್ನೆ: ತಾವು ಯಾವ ಭಾಷೆಯ ಪಕ್ಷ?

ಉತ್ತರ: ಈ ನಗರವು 1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮರಳಿ ಜರ್ಮನಿಗೆ, 1944ರಲ್ಲಿ ಮರಳಿ ಫ್ರಾನ್ಸಿಗೆ ಕೈಬದಲಾದಾಗಲೆಲ್ಲ ಶಾಲೆಗಳ ಭಾಷೆಯೂ ಬದಲಾಯಿತು, ಈ ಅಲ್ಸೇಸ್ ಸೀಮೆಯ ಮನೆಮಾತನ್ನಾಡುವ ಮಕ್ಕಳು ಮಾತ್ರ ಯಾವ ಪ್ರಭುವಿಗೂ ಮೆಚ್ಚಿಕೆಯಾಗಲಿಲ್ಲ. ಫಿರಂಗಿಯ ಬಲದಿಂದ ನಡೆದ ಅಂತಹ ಭಾಷಾವಿನಿಮಯವನ್ನು ಕಂಡುಂಡವನಿಗೆ, 1963ರ ಫ್ರೆಂಚ್-ಜರ್ಮನ್ ಸ್ನೇಹ ಒಪ್ಪಂದದ ಬಳಿಕ ಎರಡು ದೇಶಗಳೂ ಕೂಡಿ ತಮ್ಮ ತರುಣರನ್ನು ಗಡಿ ದಾಟಿಸುತ್ತಿರುವುದನ್ನೂ, ಇಬ್ಬರು ಸ್ವಸಂತೋಷದಿಂದ ಒಬ್ಬರ ವ್ಯಾಕರಣವನ್ನು ಇನ್ನೊಬ್ಬರು ಕೆಡಿಸುವುದನ್ನೂ ನೋಡಿದರೆ, ಇದಕ್ಕಿಂತ ಮಿಗಿಲಾದ ನಾಗರಿಕತೆ ಮತ್ತೊಂದಿಲ್ಲವೆನಿಸುತ್ತದೆ.

ಪ್ರಶ್ನೆ: ಕಡೆಯದಾಗಿ ಇನ್ನೊಂದು ಪ್ರಶ್ನೆ…

ಉತ್ತರ: ಸಾಕು. ಅರ್ಧಗಂಟೆ ತಮ್ಮ ಭಾಷೆಯಲ್ಲಿ ಉತ್ತರಿಸಿದ್ದೇನೆ. ವಿನಿಮಯಧರ್ಮದಂತೆ ಮುಂದಿನ ಅರ್ಧಗಂಟೆ ನನ್ನ ಭಾಷೆಯದು. ಎಲ್ಲಿ, ಕೂಗಿರಿ ನೋಡೋಣ. ಅಂಜಬೇಡಿ, ನಡುವೆ ತಿದ್ದುವುದಿಲ್ಲ.