ಗಲ್ಲಾಜ್ಯೋತಿಷ: ಬ್ರಾಡ್‌ವೇ ಮ್ಯೂಸಿಕಲ್‌ಗಳ ಆಯುರ್ದಾಯ ನಿರ್ಣಯ

ನಾಟಕ ಹೇಗಿರಬೇಕೆಂದು ಭರತಮುನಿಯಿಂದ ಹಿಡಿದು ಬೇಕಾದಷ್ಟು ಮಂದಿ ಗ್ರಂಥ ಬರೆದಿದ್ದಾರೆ. ಅದು ಎಂದು ನಿಲ್ಲುತ್ತದೆ ಎಂಬ ಮುಖ್ಯ ಪ್ರಶ್ನೆಯನ್ನು ಮಾತ್ರ ಯಾರೂ ಮುಟ್ಟಿಲ್ಲ. ರಸಗಳು ಎಂಟೋ ಒಂಬತ್ತೋ ಎಂದು ತಲೆಮಾರುಗಟ್ಟಲೆ ವಾದಿಸಿದ ಪಂಡಿತರಲ್ಲಿ ಒಬ್ಬರಾದರೂ ಟಿಕೆಟ್ ಕೌಂಟರಿನ ಕಡೆ ಕತ್ತು ಹೊರಳಿಸಿದ್ದುಂಟೇ? ಈ ಲೋಪವನ್ನು ಸರಿಪಡಿಸಲೆಂದೇ ಪ್ರಸ್ತುತ ಪ್ರಬಂಧ ಹುಟ್ಟಿದೆ. ಶಾಸ್ತ್ರದ ಹೆಸರು ಗಲ್ಲಾಜ್ಯೋತಿಷ. ಕ್ಷೇತ್ರ ನ್ಯೂಯಾರ್ಕ್ ನಗರದ ಬ್ರಾಡ್‌ವೇ. ಅಧಿಕಾರಿಗಳು, ಅಂದರೆ ಇದನ್ನು ಓದಲು ಅರ್ಹರಾದವರು, ಅನ್ಯರ ನಷ್ಟದಲ್ಲಿ ಶುದ್ಧ ಶೈಕ್ಷಣಿಕ ಆಸಕ್ತಿಯುಳ್ಳವರು.

ಮೊದಲು ಕ್ಷೇತ್ರಪರಿಚಯ. ಬ್ರಾಡ್‌ವೇ ಎಂದರೆ ರಸ್ತೆಯಲ್ಲ, 41 ರಂಗಮಂದಿರಗಳ ಸಮೂಹ. 500 ಸೀಟಿಗಿಂತ ಕಡಿಮೆಯಿದ್ದರೆ ಆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಇಲ್ಲಿ ಒಂದು ಮ್ಯೂಸಿಕಲ್ ಸಾಮಾನ್ಯವಾಗಿ ವಾರಕ್ಕೆ 8 ಪ್ರದರ್ಶನ ಕೊಡುತ್ತದೆ. ಜಾತಕದಲ್ಲಿ ಆಯುಸ್ಸನ್ನು ನೋಡುವುದೂ 8ನೆಯ ಮನೆಯಿಂದಲೇ. ಇದನ್ನು ಕಾಕತಾಳೀಯ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ವಾರದ ಲೆಕ್ಕ ಭಾನುವಾರಕ್ಕೆ ಮುಗಿಯುತ್ತದೆ. ಮುಂದಿನ ವಾರದ ಆರಂಭದಲ್ಲಿ ನಿರ್ಮಾಪಕರ ಮತ್ತು ರಂಗಮಂದಿರಗಳ ಸಂಘವಾದ ಬ್ರಾಡ್‌ವೇ ಲೀಗ್ ಪ್ರತಿಯೊಂದು ಪ್ರಯೋಗದ ಕಲೆಕ್ಷನ್ನು, ಎಷ್ಟು ಸೀಟು ತುಂಬಿತು, ಸರಾಸರಿ ಟಿಕೆಟ್ ದರ ಎಷ್ಟು ಎಂಬುದನ್ನೆಲ್ಲ ಊರಿಗೇ ಕಾಣುವಂತೆ ಪ್ರಕಟಿಸುತ್ತದೆ. ಹೀಗೆ ವಾರವಾರವೂ ತನ್ನ ಕುಂಡಲಿಯನ್ನು ಬೀದಿಗಿಡುವ ಕಲೆ ಜಗತ್ತಿನಲ್ಲಿ ಅಪರೂಪ. ಆ ಪಟ್ಟಿ ಕೈಗೆ ಸಿಕ್ಕ ಗಳಿಗೆಯಿಂದ ನಾಟಕಪ್ರಿಯರು ಜೋಯಿಸರಾಗುತ್ತಾರೆ. ನಾಟಕ ನೋಡುವುದಕ್ಕಿಂತ ಇದು ಅಗ್ಗ.

ಈಗ ಪೂರ್ವಪಕ್ಷ. 'ಇದಕ್ಕೆಲ್ಲ ಶಾಸ್ತ್ರ ಏಕೆ ಸ್ವಾಮಿ? ಟಿಕೆಟ್ ಹೋಗದಿದ್ದರೆ ನಿಲ್ಲುತ್ತದೆ, ಹೋದರೆ ನಡೆಯುತ್ತದೆ' ಎಂದು ಮಂದಮತಿಗಳು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವಾಗಿ 'ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್' ಎಂಬ ಮಹಾಕಾಯದ ಜಾತಕವನ್ನು ಬಿಡಿಸೋಣ. ಹಾಕಿದ ಬಂಡವಾಳ ಸುಮಾರು 7.5 ಕೋಟಿ ಡಾಲರ್. ಅಧಿಕೃತ ಉದ್ಘಾಟನೆಗೆ ಮುಂಚೆ 182 ಪೂರ್ವಪ್ರದರ್ಶನಗಳು. ಅಷ್ಟರಲ್ಲಿ ಬೇರೆ ನಾಟಕಗಳು ಹುಟ್ಟಿ, ವಿಮರ್ಶೆ ತಿಂದು, ಸತ್ತು, ತಿಥಿಯೂ ಮುಗಿದಿರುತ್ತದೆ. ನಟರು ಹಗ್ಗ ಕಟ್ಟಿಕೊಂಡು ಪ್ರೇಕ್ಷಕರ ತಲೆಯ ಮೇಲೆ ಹಾರಿದರು, ಕೆಲವರು ಗಾಯಗೊಂಡರು, ನಿರ್ದೇಶಕಿಯೇ ಬದಲಾದರು. ಆದರೂ 2012ರ ಜನವರಿ 1ಕ್ಕೆ ಮುಗಿದ ವಾರದಲ್ಲಿ ಅದರ ಕಲೆಕ್ಷನ್ 29 ಲಕ್ಷ ಡಾಲರ್ ದಾಟಿತು. ಅಲ್ಲಿಯವರೆಗೆ ಬ್ರಾಡ್‌ವೇ ಒಂದು ವಾರದಲ್ಲಿ ಅಷ್ಟು ದುಡ್ಡನ್ನು ಕಂಡಿರಲಿಲ್ಲ. ಪೂರ್ವಪಕ್ಷಿಯ ಪ್ರಕಾರ ಇದು ಶತಾಯುಷಿ. ನಡೆದದ್ದೇನು? ಪರದೆಯ ಹಿಂದೆ ಆ ನಾಟಕವನ್ನು ಒಂದು ವಾರ ಆಡಿಸಲು 10 ಲಕ್ಷ ಡಾಲರಿಗೂ ಮೀರಿ ಖರ್ಚಾಗುತ್ತಿತ್ತು. ಕಲೆಕ್ಷನ್ ಅದಕ್ಕಿಂತ ಕೆಳಗಿಳಿದ ಮೇಲೆ ಜೇಡ ನೇತಾಡಲು ಎಳೆಯೇ ಉಳಿಯಲಿಲ್ಲ. 2014ರ ಜನವರಿ 4ರಂದು ಕೊನೆಯಾಟ.

ಇದರಿಂದ ಸಿದ್ಧವಾಗುವ ಮೊದಲ ಸೂತ್ರ: ಕಲೆಕ್ಷನ್ ಚಂದ್ರ, ಖರ್ಚು ಶನಿ. ಚಂದ್ರನ ವೃದ್ಧಿಕ್ಷಯ ಎಲ್ಲರಿಗೂ ಕಾಣುತ್ತದೆ. ಶನಿ ಎಲ್ಲಿ ಕೂತಿದ್ದಾನೆಂಬುದು ನಿರ್ಮಾಪಕನ ಲೆಕ್ಕಪತ್ರದಲ್ಲಿ ಮಾತ್ರ ಇರುತ್ತದೆ. ವಾರದ ಖರ್ಚನ್ನು ಲೀಗ್ ಪ್ರಕಟಿಸುವುದಿಲ್ಲ, ಮುಂಗಡ ಬುಕಿಂಗನ್ನೂ ಪ್ರಕಟಿಸುವುದಿಲ್ಲ. ಅಂದರೆ ಭವಿಷ್ಯಕ್ಕೆ ಬೇಕಾದ ಎರಡು ಮುಖ್ಯ ಗ್ರಹಗಳನ್ನು ಕೈಬಿಟ್ಟು ಉಳಿದ ಏಳನ್ನು ಅತ್ಯಂತ ನಿಖರವಾಗಿ ಕೊಡುತ್ತಾರೆ. ಶಾಸ್ತ್ರ ಬೆಳೆಯಲು ಇದಕ್ಕಿಂತ ಪ್ರಶಸ್ತವಾದ ವಾತಾವರಣ ಬೇರೆಯಿಲ್ಲ. ಎಲ್ಲ ಅಂಕಿಯೂ ಸಿಕ್ಕಿಬಿಟ್ಟರೆ ಅದು ಬರೀ ಲೆಕ್ಕಾಚಾರ. ಯಾವ ಮರ್ಯಾದಸ್ಥ ವಿದ್ವಾಂಸ ಅದಕ್ಕೆ ಇಳಿಯುತ್ತಾನೆ?

ಸೀಟು ತುಂಬಿದ ಶೇಕಡಾವಾರಿನ ಬಗ್ಗೆ ಒಂದು ಎಚ್ಚರಿಕೆ. ಶೇ. 97 ತುಂಬಿತ್ತು ಎಂದು ಓದಿ ಹರ್ಷಿಸುವುದು ಬಾಲಬುದ್ಧಿ. ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ ಟಿಕೆಟಿಎಸ್ ಎಂಬ ಕಟ್ಟೆಯಿದೆ. ಅಂದಿನ ಆಟದ ಮಾರಾಟವಾಗದ ಟಿಕೆಟುಗಳು ಅಲ್ಲಿ ಅರ್ಧ ಬೆಲೆಗೂ ಸಿಗುತ್ತವೆ. ಅಲ್ಲೂ ಹೋಗದಿದ್ದರೆ ದಾದಿಯರಿಗೆ, ಮೇಷ್ಟ್ರುಗಳಿಗೆ, ನಟನಟಿಯರ ಗೆಳೆಯರಿಗೆ ಪುಕ್ಕಟೆ ಹಂಚಿ ಸಭಾಂಗಣ ತುಂಬಿಸುವ ಪದ್ಧತಿಯೂ ಉಂಟು. ಆದ್ದರಿಂದ ನಾಡಿ ಹಿಡಿಯಬೇಕಾದದ್ದು ಸರಾಸರಿ ಟಿಕೆಟ್ ದರದಲ್ಲಿ. ತಲೆ ಎಷ್ಟು ಎಂಬುದು ಮುಖ್ಯವಲ್ಲ, ಪ್ರತಿ ತಲೆ ಎಷ್ಟು ಬಿಚ್ಚಿತು ಎಂಬುದು ಮುಖ್ಯ. ನಮ್ಮ ಕಂಪನಿ ನಾಟಕದ ಮಾಲೀಕರು ಪರದೆಯ ಸಂದಿಯಿಂದ ಇಣುಕಿ ಕುರ್ಚಿ ಸಾಲು, ಚಾಪೆ ಸಾಲುಗಳನ್ನು ಬೇರೆಬೇರೆಯಾಗಿ ಎಣಿಸುತ್ತಿದ್ದರಂತೆ. ಲೀಗಿನ ಅಂಕಣಗಳು ಅದಕ್ಕಿಂತ ಬಹಳ ಮುಂದೆ ಹೋದಂತೆ ಕಾಣುವುದಿಲ್ಲ.

ಮುಂದೆ ಕಾಲನಿರ್ಣಯ. ಇದು ಪ್ರಬಂಧಕಾರನ ಮೂಲ ಸಂಶೋಧನೆಯಾದ್ದರಿಂದ ಓದುಗರು ತುಸು ನೆಟ್ಟಗೆ ಕೂರಬೇಕು. ಬ್ರಾಡ್‌ವೇ ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರಸ್ಥಳದವರು. ನ್ಯೂಜೆರ್ಸಿಯ ಮಗಳ ಮನೆಗೆ ಬಂದ ಮೈಸೂರಿನ ಅಪ್ಪ ಅಮ್ಮನನ್ನು ಅಳಿಯಂದಿರು 'ಲಯನ್ ಕಿಂಗ್'ಗೆ ಕರೆದೊಯ್ಯುತ್ತಾರಲ್ಲ, ಆ ವರ್ಗ. ಇವರು ಬರುವುದು ಬೇಸಿಗೆಯಲ್ಲಿ ಮತ್ತು ಕ್ರಿಸ್‌ಮಸ್ ರಜೆಯಲ್ಲಿ. ಹೊಸ ವರ್ಷದ ಮರುದಿನ ಹಿಮ ಬೀಳುತ್ತದೆ, ಅತಿಥಿಗಳು ವಿಮಾನ ಹತ್ತುತ್ತಾರೆ, ಗಲ್ಲಾ ಬರಿದಾಗುತ್ತದೆ. ಹಾಗಾಗಿ ನಿರ್ಮಾಪಕರು ಡಿಸೆಂಬರಿನ ಕೊನೆಯ ಹುಲ್ಲುಕಡ್ಡಿಯನ್ನೂ ಮೇಯ್ದು ಜನವರಿಯಲ್ಲಿ ಬಾಗಿಲು ಹಾಕುತ್ತಾರೆ. ಪಾಶ್ಚಾತ್ಯ ವಿದ್ವಾಂಸರು ಇದನ್ನು ಚಳಿಗಾಲದ ಮಂದಗತಿ ಎಂದು ಕೈತೊಳೆದುಕೊಂಡಿದ್ದಾರೆ. ಪಂಚಾಂಗ ನೋಡುವ ಅಭ್ಯಾಸವಿದ್ದಿದ್ದರೆ ಅವರಿಗೆ ಹೊಳೆಯುತ್ತಿತ್ತು: ಅದು ಧನುರ್ಮಾಸ! ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆ, ಗೃಹಪ್ರವೇಶ ಯಾವುದೂ ಕೂಡದು.

ನಿದರ್ಶನಗಳು ಹೇರಳ. 2009ರ ಜನವರಿ 4ರಂದು 'ಹೇರ್‌ಸ್ಪ್ರೇ', 'ಯಂಗ್ ಫ್ರಾಂಕನ್‌ಸ್ಟೈನ್', 'ಗ್ರೀಸ್' ಮೂರೂ ಒಂದೇ ದಿನ ಕಣ್ಣುಮುಚ್ಚಿದವು. 11ರಂದು 'ಸ್ಪ್ಯಾಮಲಾಟ್'. ನಮ್ಮ ಎ. ಆರ್. ರೆಹಮಾನರ ಸಂಗೀತದ 'ಬಾಂಬೆ ಡ್ರೀಮ್ಸ್', ಭಾರತೀಯ ರಕ್ತವಿದ್ದೂ ಪಂಚಾಂಗ ನೋಡದೆ, 284 ಪ್ರದರ್ಶನಗಳ ನಂತರ 2005ರ ಜನವರಿ 1ರಂದೇ ಹೋಯಿತು. ಜೇಡನ ತಾರೀಖು ಮೇಲೆ ಬಂದಿದೆ. ಇನ್ನು 'ಸ್ಪ್ರಿಂಗ್ ಅವೇಕನಿಂಗ್' 2009ರ ಜನವರಿ 18ರವರೆಗೆ ಎಳೆಯಿತು. ಶರಶಯ್ಯೆಯಲ್ಲಿ ಮಲಗಿ ಉತ್ತರಾಯಣಕ್ಕೆ ಕಾದ ಭೀಷ್ಮರ ನಂತರ ಇಂಥ ಸಂಯಮ ನಮ್ಮ ದಾಖಲೆಯಲ್ಲಿಲ್ಲ. ಟೋನಿ ಪ್ರಶಸ್ತಿಯಲ್ಲಿ ಅತ್ಯುತ್ತಮ ಮ್ಯೂಸಿಕಲ್ ಎನಿಸಿದ 'ಎ ಸ್ಟ್ರೇಂಜ್ ಲೂಪ್' 2023ರ ಜನವರಿ 15ರಂದು, ನಾವು ಎಳ್ಳುಬೆಲ್ಲ ಬೀರುತ್ತಿದ್ದ ದಿನವೇ ಮುಗಿಯಿತು. ಪ್ರಶಸ್ತಿ ಬಂದವರಿಗೆ ಸಂಕ್ರಾಂತಿ ಮರಣ ಎಂಬ ಉಪಸೂತ್ರವನ್ನು ಇದರಿಂದ ತೆಗೆಯುವ ಆಸೆಯಾಗುತ್ತದೆ. ಒಂದೇ ನಿದರ್ಶನದ ಮೇಲೆ ಸೂತ್ರ ಕಟ್ಟಬಾರದೆಂಬ ನಿಯಮ ಪ್ರಬಂಧಕಾರನಿಗೆ ಗೊತ್ತಿದೆ, ಆದರೂ ಕಟ್ಟಲಾಗಿದೆ.

ಅಪವಾದವೂ ಇದೆ. 1913ರಲ್ಲಿ ಆರಂಭವಾದ ಪ್ಯಾಲೆಸ್ ರಂಗಮಂದಿರವನ್ನು 2022ರಲ್ಲಿ ಇಡಿಯಾಗಿ 30 ಅಡಿ ಮೇಲಕ್ಕೆತ್ತಿದರು. ಕೆಳಗೆ ಅಂಗಡಿಗಳಿಗೆ ಜಾಗ ಬೇಕಿತ್ತು. ಹೀಗೆ ಎತ್ತರಿಸಿದ ಮಂದಿರಕ್ಕೆ ಬಂದ ಮೊದಲ ಮ್ಯೂಸಿಕಲ್, ಎಲ್ಟನ್ ಜಾನ್ ಸಂಗೀತದ 'ಟ್ಯಾಮಿ ಫೇ'. 2024ರ ನವೆಂಬರ್ 14ರಂದು ಉದ್ಘಾಟನೆ, ಐದೇ ದಿನಕ್ಕೆ ಮುಕ್ತಾಯದ ಪ್ರಕಟಣೆ, ಡಿಸೆಂಬರ್ 8ಕ್ಕೆ ಮಂಗಳ. ಧನುರ್ಮಾಸದವರೆಗೂ ಉಸಿರು ಹಿಡಿಯುವ ತ್ರಾಣವಿರಲಿಲ್ಲ. ವಾಸ್ತುದೋಷವೆಂದು ಬೇರೆ ಹೇಳಬೇಕಿಲ್ಲ.

ಅದೇ ವಾರ, ಅದೇ ಊರಲ್ಲಿ, ಶಾಸ್ತ್ರದ ಮಾನ ಕಳೆದ ಇನ್ನೊಂದು ಶಿಶು ಹುಟ್ಟಿತ್ತು. 'ಮೇಬಿ ಹ್ಯಾಪಿ ಎಂಡಿಂಗ್': ಸೋಲ್ ನಗರದಲ್ಲಿ ಬಳಸಿ ಬಿಸಾಡಿದ ಎರಡು ರೋಬೋಟ್‌ಗಳ ಪ್ರೇಮ. ತಾರೆಯರ ಮೆರವಣಿಗೆಯಿಲ್ಲ, ಜನ ಕೇಳಿದ ಹಾಡಿಲ್ಲ, ಆರಂಭದ ವಾರಗಳ ಕಲೆಕ್ಷನ್ 3 ಲಕ್ಷ ಡಾಲರಿನ ಆಸುಪಾಸು. ಜೋಯಿಸರೆಲ್ಲ ಬಾಲಾರಿಷ್ಟ ಎಂದು ತಲೆಯಾಡಿಸಿದರು. ವಿಮರ್ಶೆ ಚೆನ್ನಾಗಿ ಬಂತು, ನೋಡಿದವರು ನೆರೆಯವರಿಗೆ ಹೇಳಿದರು, ವರ್ಷದ ಕೊನೆಗೆ ವಾರದ ಕಲೆಕ್ಷನ್ 10 ಲಕ್ಷ ದಾಟಿತು, 2025ರ ಜೂನ್‌ನಲ್ಲಿ 6 ಟೋನಿ ಪ್ರಶಸ್ತಿ. ನಾಟಕ ಚೆನ್ನಾಗಿರುವುದೂ ಒಂದು ಕಾರಣವಾಗಬಹುದೇ ಎಂದು ಕೆಲವರು ಸಂದೇಹಪಟ್ಟಿದ್ದಾರೆ. ಪ್ರಬಂಧದ ವ್ಯಾಪ್ತಿಯ ಹೊರಗಿನ ವಿಷಯವಾದ್ದರಿಂದ ಅದನ್ನಿಲ್ಲಿ ಚರ್ಚಿಸಿಲ್ಲ.

ಈ ಗ್ರಹಗಳಿಗೆಲ್ಲ ಮೀರಿದ್ದು ರಾಹು, ಅಂದರೆ ಮನೆ ಮಾಲೀಕ. 41 ಮಂದಿರಗಳಲ್ಲಿ ಮುಕ್ಕಾಲು ಪಾಲು ಮೂರೇ ಸಂಸ್ಥೆಗಳ ಕೈಯಲ್ಲಿವೆ. ಬಾಡಿಗೆ ಕರಾರಿನಲ್ಲಿ ಸ್ಟಾಪ್ ಕ್ಲಾಸ್ ಎಂಬ ಕಲಮು: ಕಲೆಕ್ಷನ್ ಸಾಮಾನ್ಯವಾಗಿ ಸತತ ಎರಡು ವಾರ ಇಂತಿಷ್ಟಕ್ಕಿಂತ ಕೆಳಗಿಳಿದರೆ ಮಾಲೀಕ ನಾಟಕವನ್ನು ಎಬ್ಬಿಸಬಹುದು. 2019ರಲ್ಲಿ 'ಬೀಟಲ್‌ಜ್ಯೂಸ್' ಮೊದಮೊದಲು ಕುಂಟಿತು, ಆಮೇಲೆ ಹುಡುಗರ ಮೊಬೈಲುಗಳಲ್ಲಿ ಅದರ ಹಾಡು ಹಬ್ಬಿ ವಾರಕ್ಕೆ 10 ಲಕ್ಷ ಡಾಲರ್ ದಾಟಿ ಓಡತೊಡಗಿತು. ಅಷ್ಟರಲ್ಲಿ ಹಳೆಯ ಕುಂಟುವಿಕೆಯ ಲೆಕ್ಕದ ಮೇಲೆ ಜಾಗ ಖಾಲಿ ಮಾಡಲು ನೋಟಿಸು ಬಂದಿತ್ತು. ಹ್ಯೂ ಜಾಕ್‌ಮನ್ ಅಭಿನಯದ 'ಮ್ಯೂಸಿಕ್ ಮ್ಯಾನ್'ಗೆ ವಿಂಟರ್ ಗಾರ್ಡನ್ ಮಂದಿರ ಬೇಕಿತ್ತು. ಓಡುತ್ತಿದ್ದ ನಾಟಕವೊಂದು ಗಲ್ಲಾ ತುಂಬಿಕೊಂಡೇ ಬೀದಿಗೆ ಬೀಳುವುದರಲ್ಲಿತ್ತು. ಅಷ್ಟರಲ್ಲಿ 2020ರ ಮಾರ್ಚ್ 12ರಂದು ಕೊರೋನಾ ಬಂದು ಮಾಲೀಕ, ಬಾಡಿಗೆದಾರ, ಜೋಯಿಸ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿತು.

ಇಷ್ಟೆಲ್ಲ ಅಡ್ಡಿಗಳಿದ್ದೂ ಭವಿಷ್ಯ ನಿಜವಾದರೆ? ಆಗಲೇ ನಿಜವಾದ ಸಂಕಟ. 'ಕ್ಯಾಟ್ಸ್' 2000ದ ಜೂನ್‌ನಲ್ಲಿ ನಿಲ್ಲುತ್ತದೆಂದು ಘೋಷಿಸಿದರು. 18 ವರ್ಷ ಸುಮ್ಮನಿದ್ದವರೆಲ್ಲ ಎದ್ದು ಬಂದು ಕ್ಯೂ ನಿಂತರು. ಆಟ ಸೆಪ್ಟೆಂಬರ್‌ವರೆಗೆ ಮುಂದುವರಿಯಿತು. 'ಫ್ಯಾಂಟಮ್ ಆಫ್ ದ ಆಪೆರಾ' 1988ರಿಂದ ನಡೆಯುತ್ತಿತ್ತು. 2023ರ ಫೆಬ್ರವರಿಗೆ ಕೊನೆಯೆಂದು ಹೇಳಿದ್ದೇ ತಡ, ಟಿಕೆಟ್ ಸಿಗದಂತಾಗಿ ಏಪ್ರಿಲ್ 16ಕ್ಕೆ ಮುಂದೂಡಿದರು. ಕೊನೆಯ ವಾರ ಅದರ 35 ವರ್ಷದ ಆಯುಸ್ಸಿನಲ್ಲಿ ಕಾಣದ ಸಂಪಾದನೆ, 30 ಲಕ್ಷ ಡಾಲರಿಗೂ ಮಿಕ್ಕಿ. 13,981ನೆಯ ಪ್ರದರ್ಶನಕ್ಕೆ ಪರದೆ ಬಿದ್ದಾಗ ಆ ಬೀದಿಯ ಅತಿ ಆರೋಗ್ಯವಂತ ನಾಟಕಗಳಲ್ಲಿ ಅದೂ ಒಂದಾಗಿತ್ತು. ಸಾವನ್ನು ನುಡಿದರೆ ಆಯುಸ್ಸು ಹೆಚ್ಚುತ್ತದೆ, ಆಯುಸ್ಸು ಹೆಚ್ಚಿದರೆ ನುಡಿ ಸುಳ್ಳಾಗುತ್ತದೆ. ಈ ಗಂಟನ್ನು ನ್ಯಾಯಶಾಸ್ತ್ರಜ್ಞರಿಗೆ ಒಪ್ಪಿಸಲಾಗಿದೆ. ಮಾರಾಟ ಸೊರಗಿದ ನಿರ್ಮಾಪಕರಿಗೆ ಶಾಂತಿ ವಿಧಾನ ಮಾತ್ರ ಸ್ಪಷ್ಟ: ದೊಡ್ಡ ಅಕ್ಷರದಲ್ಲಿ 'ಕೊನೆಯ ಕೆಲವೇ ವಾರಗಳು' ಎಂದು ಬರೆಸುವುದು.

ನಿಂತದ್ದು ನಿಜಕ್ಕೂ ನಿಂತಿತೇ ಎಂಬ ಪುನರ್ಜನ್ಮ ವಿಚಾರ ಉಳಿದಿದೆ. 'ಬೀಟಲ್‌ಜ್ಯೂಸ್' ಕಥೆಯಲ್ಲಿ ಮೂರು ಸಲ ಹೆಸರು ಕೂಗಿದರೆ ಭೂತ ಪ್ರತ್ಯಕ್ಷವಾಗುತ್ತದೆ. 2019ರಲ್ಲಿ ಒಮ್ಮೆ ಬಂತು. 2022ರಲ್ಲಿ ಮಾರ್ಕೀ ಮಂದಿರಕ್ಕೆ ಮತ್ತೆ ಬಂದು 2023ರ ಜನವರಿ 8ರಂದು ಹೋಯಿತು. 2025ರ ಅಕ್ಟೋಬರಿನಲ್ಲಿ ಮೂರನೆಯ ಸಲ, ಅದೇ 30 ಅಡಿ ಮೇಲೆದ್ದ ಪ್ಯಾಲೆಸ್‌ಗೆ. ಈ ಬಾರಿ ಯಾವ ಜೋಯಿಸನಿಗೂ ಕೆಲಸ ಕೊಡದೆ, ಟಿಕೆಟ್ ಮಾರುವ ಮುಂಚೆಯೇ ಕೊನೆಯ ದಿನವನ್ನು ತಾವೇ ಪ್ರಕಟಿಸಿಬಿಟ್ಟರು: 2026ರ ಜನವರಿ 3. ಪಂಚಾಂಗ ತೆಗೆದು ನೋಡಿದೆ. ಧನುರ್ಮಾಸ.