ಕಡ್ಡಿಗಳ ದಾಕ್ಷಿಣ್ಯ

ಸಿಮ್ ಹಾಕಿ ನಡೆಸುವ ರೌಟರ್ ಎಂಬ ಪೆಟ್ಟಿಗೆಗೆ ಎರಡು ಕೆಲಸಗಳಿವೆ: ಊರಾಚೆಯ ಟವರಿನಿಂದ ಮೊಬೈಲ್ ಸಿಗ್ನಲ್ ಹಿಡಿಯುವುದು ಒಂದು, ಹಿಡಿದದ್ದನ್ನು ವೈಫೈ ಮಾಡಿ ಮನೆಯೊಳಗೆ ಹಂಚುವುದು ಇನ್ನೊಂದು. ಕೇಬಲ್ಲಾಗಲಿ ಫೈಬರಾಗಲಿ ತಲುಪದ ಮಲೆನಾಡಿನ ಒಂಟಿಮನೆಗಳಲ್ಲಿ ಈ ಪೆಟ್ಟಿಗೆಗೆ ಜಗಲಿಯ ಕಿಟಕಿಯಲ್ಲಿ ಖಾಯಂ ಸ್ಥಾನ ದೊರೆತಿದೆಯಾದರೂ, ಎರಡು ಕೆಲಸಗಳ ನಡುವಿನ ಭೇದ ಮನೆಮಂದಿಯ ಮನಸ್ಸಿಗೆ ಪೂರ್ತಿ ಇಳಿದಂತಿಲ್ಲ. ಫೋನಿನ ಮೇಲ್ತುದಿಯಲ್ಲಿ ವೈಫೈ ಗುರುತು ತುಂಬಿ ನಿಂತಿದ್ದು, ಪುಟ ಮಾತ್ರ ತೆರೆಯದೆ ಸುತ್ತುತ್ತಿದ್ದರೆ, “ಫುಲ್ ಸಿಗ್ನಲ್ ಇದೆ, ಆದ್ರೂ ನೆಟ್ ಇಲ್ಲ” ಎಂಬ ಆಕ್ಷೇಪ ಹೊರಡುತ್ತದೆ. ಆ ‘ಫುಲ್’ ಜಗಲಿಗೂ ಅಡುಗೆಮನೆಗೂ ಇರುವ ಸಂಬಂಧವನ್ನು ಹೇಳುತ್ತದೆಯೇ ಹೊರತು ಗುಡ್ಡದಾಚೆಯ ಟವರಿನ ಯೋಗಕ್ಷೇಮವನ್ನಲ್ಲ.

ಟವರಿನ ಕಡೆಯ ಸಮಾಚಾರ ತಿಳಿಸಬೇಕಾದವು ರೌಟರಿನ ಮೈಮೇಲಿರುವ ಸಿಗ್ನಲ್ ಕಡ್ಡಿಗಳು. ಎಷ್ಟು ಶಕ್ತಿ ಬಂದರೆ ಎಷ್ಟು ಕಡ್ಡಿ ಬೆಳಗಬೇಕೆಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಕಟ್ಟಳೆ ಇಲ್ಲವಾದ್ದರಿಂದ, ಆಯಾ ತಯಾರಕರ ಔದಾರ್ಯವೇ ಇಲ್ಲಿ ಅಳತೆಗೋಲು. 2010ರಲ್ಲಿ ಆಪಲ್ ಸಂಸ್ಥೆಯು ತನ್ನ ಐಫೋನಿನ ಕಡ್ಡಿ ಲೆಕ್ಕದ ಸೂತ್ರವೇ ತಪ್ಪಾಗಿದ್ದು, ಅನೇಕ ಸಂದರ್ಭಗಳಲ್ಲಿ ಇರಬೇಕಾದ್ದಕ್ಕಿಂತ ಎರಡು ಕಡ್ಡಿ ಹೆಚ್ಚಾಗಿ ತೋರಿಸುತ್ತಿತ್ತೆಂದು ಬಹಿರಂಗವಾಗಿಯೇ ಒಪ್ಪಿಕೊಂಡಿತು. ಕಡ್ಡಿಗಳು ಸುಳ್ಳು ಹೇಳುತ್ತವೆ ಎಂದರೆ ತುಸು ಕಠೋರವಾದೀತು. ಊಟ ಹೇಗಿತ್ತೆಂದು ಮದುವೆಮನೆಯ ಯಜಮಾನರೇ ಬಂದು ಕೇಳಿದಾಗ ಬರುವ ಉತ್ತರದ ಹಾಗೆ, ಅವು ದಾಕ್ಷಿಣ್ಯಕ್ಕೆ ಬಿದ್ದು ಮಾತಾಡುತ್ತವೆ.

ದಾಕ್ಷಿಣ್ಯವಿಲ್ಲದ ಉತ್ತರ ಬೇಕೆನ್ನುವವರು ಬ್ರೌಸರಿನಲ್ಲಿ 192.168.1.1 ಎಂದೋ, ರೌಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುವ ಬೇರೆ ವಿಳಾಸವನ್ನೋ ಕೊಟ್ಟು, ಪಾಸ್‌ವರ್ಡ್ ನೆನಪಿರುವವರನ್ನು ಹುಡುಕಿ ಕರೆತಂದು, ಒಳಗಿನ ಸ್ಟೇಟಸ್ ಪುಟವನ್ನು ತೆರೆಯಬೇಕಾಗುತ್ತದೆ. ಅಲ್ಲಿ ಕಾಣುವ ಆರ್‌ಎಸ್‌ಆರ್‌ಪಿ ಎಂಬುದು, ಟವರು ತನ್ನ ಗುರುತಿಗಾಗಿ ಬಿತ್ತರಿಸುವ ಸಂಕೇತವು ರೌಟರನ್ನು ಮುಟ್ಟುವ ಹೊತ್ತಿಗೆ ಎಷ್ಟು ಶಕ್ತಿ ಉಳಿಸಿಕೊಂಡಿದೆ ಎಂಬುದರ ಅಂಕಿ. ಇದರ ಮಾನ ಡಿಬಿಎಂ. ಒಂದು ಮಿಲಿವ್ಯಾಟನ್ನು ಸೊನ್ನೆಯೆಂದು ಇಟ್ಟುಕೊಂಡು, ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿದಾಗಲೆಲ್ಲ ಹತ್ತನ್ನು ಕಳೆಯುತ್ತ ಹೋಗುವ ಎಣಿಕೆ ಇದಾದ್ದರಿಂದ, ಇಲ್ಲಿ ಬರುವುದೆಲ್ಲ ಮೈನಸ್ ಸಂಖ್ಯೆಗಳೇ. ಮೈನಸ್ 80 ಸೊಗಸು, ಮೈನಸ್ 100 ಸಹ್ಯ, ಮೈನಸ್ 115 ಸಂಕಟ. ನಿನ್ನೆ 95 ಇದ್ದದ್ದು ಇಂದು 110ಕ್ಕೆ ಏರಿತೆಂದು ಹಿಗ್ಗುವ ಹಿರಿಯರಿಗೆ ಮುಂದಿನ ಸಣ್ಣ ಗೆರೆಯನ್ನು ತೋರಿಸಿ ನಿರಾಶೆಗೊಳಿಸುವ ಹೊಣೆ ಸಾಮಾನ್ಯವಾಗಿ ಪಿಯುಸಿ ಓದುವ ಮಕ್ಕಳ ಪಾಲಿಗೆ ಬರುತ್ತದೆ. ಮೈನಸ್ 90 ಎಂದರೆ ಒಂದು ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಪಾಲು. ಹಗರಣಗಳ ವರದಿಯಲ್ಲಷ್ಟೇ ಕಾಣಸಿಗುವ ಸಂಖ್ಯೆಯಿಂದ ಭಾಗಿಸಿದ ಮೇಲೂ ಉಳಿದ ಅಂಥ ಚೂರುಗಳಿಂದಲೇ ಒಂದು ಇಡೀ ಸಿನಿಮಾ ಮನೆಗೆ ಬಂದು ಸೇರುತ್ತದೆಂದು ತಿಳಿದರೆ, ನಡುವೆ ಎರಡು ಸಲ ನಿಂತಿತೆಂದು ಗೊಣಗುವವರ ದನಿ ತಗ್ಗಬೇಕು, ತಗ್ಗುವುದಿಲ್ಲ.

ಶಕ್ತಿ ಇದ್ದ ಮಾತ್ರಕ್ಕೆ ಸ್ಪಷ್ಟತೆ ಇರಬೇಕೆಂದೇನೂ ಇಲ್ಲ ಎಂಬುದನ್ನು ಸಾರುವ ಅಂಕಿ ಎಸ್‌ಐಎನ್‌ಆರ್. ಅಕ್ಕಪಕ್ಕದ ಟವರುಗಳು ತಂದೊಡ್ಡುವ ಅಡಚಣೆ, ಸುತ್ತಲಿನ ಗದ್ದಲ ಇವೆರಡರ ಮೊತ್ತಕ್ಕಿಂತ ಬೇಕಾದ ಸಿಗ್ನಲ್ಲು ಎಷ್ಟು ಮೇಲಿದೆ ಎಂಬುದನ್ನು ಇದು ಹೇಳುತ್ತದೆ: 20 ದಾಟಿದರೆ ಉತ್ತಮ, ಸೊನ್ನೆಯೆಂದರೆ ಸಿಗ್ನಲ್ಲೂ ಗದ್ದಲವೂ ಸಮಸಮ. ಇದರ ಜೊತೆಗಾರ ಆರ್‌ಎಸ್‌ಆರ್‌ಕ್ಯೂ, ಅಂದರೆ ಬಂದ ಒಟ್ಟು ಶಕ್ತಿಯೊಡನೆ ಗುರುತಿನ ಸಂಕೇತವನ್ನು ಹೋಲಿಸಿ ತೆಗೆದ ಲೆಕ್ಕ. ಇದು ಮೈನಸ್ 10ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ಮೈನಸ್ 15ಕ್ಕಿಂತ ಕೆಳಗಿಳಿದರೆ ಕಷ್ಟ. ಟವರಿನ ಮೇಲೆ ಜನರ ಹೊರೆ ಏರಿದಂತೆ ಈ ಅಂಕಿ ಇಳಿಯುವುದರಿಂದ, ಆರ್‌ಸಿಬಿ ಪಂದ್ಯ ಕೊನೆಯ ಓವರಿಗೆ ಬಂದಾಗ ಸೀಮೆಯ ಸಮಸ್ತರೂ ಏನು ಮಾಡುತ್ತಿದ್ದಾರೆಂಬುದನ್ನು ಸ್ಟೇಟಸ್ ಪುಟವೊಂದನ್ನೇ ನೋಡಿ ಊಹಿಸಬಹುದು. ಆಗಲೂ ಕಡ್ಡಿಗಳು ನಾಲ್ಕಕ್ಕೆ ನಾಲ್ಕೂ ಬೆಳಗುತ್ತಿರುತ್ತವೆ.

‘ಕನೆಕ್ಟೆಡ್’ ಎಂಬ ಹಸಿರು ಅಕ್ಷರಗಳನ್ನೂ ಎಚ್ಚರಿಕೆಯಿಂದ ಓದಬೇಕು. ಸಿಮ್ಮನ್ನು ಟವರು ಗುರುತಿಸಿ ನೋಂದಾಯಿಸಿಕೊಳ್ಳುವುದು ಒಂದು ಹಂತವಾದರೆ, ಡೇಟಾ ಸಂಪರ್ಕ ಏರ್ಪಟ್ಟು ರೌಟರಿಗೆ ಐಪಿ ವಿಳಾಸ ಸಿಗುವುದು ಅದರ ಮುಂದಿನ ಹಂತ. ರೀಚಾರ್ಜ್ ಮುಗಿದ ಸಿಮ್ ಮೊದಲ ಹಂತದಲ್ಲಿಯೇ ಕುಳಿತು, ಕಡ್ಡಿಗಳನ್ನೆಲ್ಲ ಹಚ್ಚಿಕೊಂಡು, ಮನೆಯವರು ರೌಟರನ್ನು ಆಫ್ ಮಾಡಿ ಆನ್ ಮಾಡುವ ಪ್ರಯೋಗವನ್ನು ನಿರ್ಲಿಪ್ತವಾಗಿ ನೋಡುತ್ತಿರುತ್ತದೆ.

ಅಂಕಿಗಳ ಪರಿಚಯವಾದ ಮನೆಯಲ್ಲಿ ಮುಂದಿನ ಕಾರ್ಯಕ್ರಮ ಮಾಡಿನ ಮೇಲೆ ನಡೆಯುತ್ತದೆ. ಅಲೆಗಳ ಆವರ್ತನ ಕಡಿಮೆಯಿದ್ದಷ್ಟೂ ಅವು ಗೋಡೆ, ಗಿಡಮರಗಳನ್ನು ದಾಟಿ ದೂರ ಸಾಗುವುದರಿಂದ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ತೋಟದೊಳಗಿನ ಮನೆಗೂ ಇಣುಕೀತು, 2300ರ ಬ್ಯಾಂಡ್ 40 ಗುಡ್ಡದ ಆ ಮಗ್ಗುಲಲ್ಲೇ ಸುಸ್ತಾದೀತು. ಅದನ್ನೂ ಎಳೆದು ತರಬೇಕೆಂಬ ಹಟವಿದ್ದವರು ಯಾಗಿ ಆಂಟೆನಾ ಏರಿಸುತ್ತಾರೆ. ಜಪಾನಿನ ಉದಾ ಮತ್ತು ಯಾಗಿ 1926ರಲ್ಲಿ ಲೋಕಕ್ಕೆ ತಿಳಿಸಿದ ಈ ವಿನ್ಯಾಸ ಮಲೆನಾಡಿಗೆ ಹೊಸತಲ್ಲ. ದೂರದರ್ಶನದ ಕಾಲದಲ್ಲಿ ಹಂಚಿನ ಮಾಡುಗಳ ಮೇಲೆ ಕಾಗೆಗಳಿಗೆ ಆಸರೆಯಾಗಿದ್ದದ್ದು ಇದರ ಬಂಧುವೇ. ಅಂದಿನ ಸಂಭಾಷಣೆಯೂ ಹೆಚ್ಚು ಬದಲಾಗಿಲ್ಲ.

“ಬಂತಾ ಮಗಾ?”

“ಇಲ್ಲ ಅಪ್ಪಾ, ಇನ್ನೊಂಚೂರು ಆಚೆ ತಿರುಗ್ಸಿ.”

“ಈಗ?”

“ಎಸ್‌ಐಎನ್‌ಆರ್ ಹನ್ನೊಂದು! ಅಲ್ಲೇ ಇರಿ, ಅಲ್ಲಾಡ್ಬೇಡಿ.”

ತಂದೆ ಆಂಟೆನಾದ ಕೊಳವೆ ಹಿಡಿದು ಅಲ್ಲಾಡದೆ ನಿಂತಿರುವಾಗ, ಅವರು ಕೈಬಿಟ್ಟೊಡನೆ ಅಂಕಿ ಆರಕ್ಕೆ ಇಳಿಯುವುದು ವಿಜ್ಞಾನದ ದೃಷ್ಟಿಯಿಂದ ಅಸಹಜವೇನಲ್ಲ. ಮನುಷ್ಯನ ದೇಹವೂ ಅಲೆಗಳ ದಾರಿಯನ್ನು ಬದಲಿಸುತ್ತದೆ. ಆದರೆ ಅವರನ್ನು ಅಲ್ಲಿಯೇ ನಿಲ್ಲಿಸುವಂತಿಲ್ಲ, ತೋಟಕ್ಕೆ ಔಷಧಿ ಹೊಡೆಸುವುದಿರುತ್ತದೆ.

ಮಳೆಯ ಇಂಚುಗಳನ್ನು ಡೈರಿಯಲ್ಲಿ ಬರೆದಿಡುವ ಅಡಿಕೆ ಬೆಳೆಗಾರರು ಪಕ್ಕದಲ್ಲೇ ಆರ್‌ಎಸ್‌ಆರ್‌ಪಿಯನ್ನೂ ಬರೆದಿಟ್ಟರೆ, ಮಳೆ ಜೋರಾದ ದಿನವೇ ನೆಟ್‌ವರ್ಕ್ ಹೋಗುವುದು ಕಂಡು, ಮಳೆಯೇ ಅಪರಾಧಿಯೆಂದು ತೀರ್ಮಾನಿಸಿಯಾರು. ಈ ಆವರ್ತನಗಳಲ್ಲಿ ಮಳೆಹನಿಗಳ ತಡೆ ಅತ್ಯಲ್ಪ. ಒದ್ದೆ ಎಲೆಗಳದ್ದು ಅದಕ್ಕಿಂತ ಹೆಚ್ಚು. ನಿಜವಾದ ಕಾರಣ ಬಹುಪಾಲು, ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿ ಬರಿದಾಗಿ, ಜನರೇಟರಿಗೆ ಡೀಸೆಲ್ ಬಾರದಿರುವುದು. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಸಾಲು ಸ್ಟೇಟಸ್ ಪುಟದಲ್ಲಿಲ್ಲ. ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮನ್ನನ್ನಾದರೂ ಕೇಳೋಣವೆಂದರೆ, ಆ ಕರೆಯೂ ಅದೇ ಟವರಿನಿಂದಲೇ ಹೋಗಬೇಕು.